ಹುಲಿಮುಖದ ಬಂದೂಕು, ಕಪ್ಪು ಮರಳಿನ ಕಬ್ಬಿಣ

2015ರ ಏಪ್ರಿಲ್ 21ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಕಾಲದ ಖಡ್ಗ, ಬಂದೂಕು ಮುಂತಾದವು 60 ಲಕ್ಷ ಪೌಂಡಿಗೂ ಮಿಕ್ಕಿದ ಬೆಲೆಗೆ ಮಾರಾಟವಾದವು. ಅವು ರಾಬಿನ್ ವಿಗಿಂಗ್ಟನ್ ಕೂಡಿಟ್ಟಿದ್ದ ಸಂಗ್ರಹ. ಟಿಪ್ಪುವಿನ ಬಂದೂಕುಗಳ ಬಗ್ಗೆ ಅವರು 1992ರಲ್ಲಿ ಒಂದು ಗ್ರಂಥವನ್ನೇ ಹೊರತಂದಿದ್ದರು. ಹರಾಜು ನಡೆದ ವರ್ಷವೇ ಕರ್ನಾಟಕ ಸರಕಾರ ಟಿಪ್ಪು ಜಯಂತಿ ಆರಂಭಿಸಿತು. 2019ರಲ್ಲಿ ಬಂದ ಇನ್ನೊಂದು ಸರಕಾರ ಅದನ್ನು ನಿಲ್ಲಿಸಿತು. ಅಲ್ಲಿ ಬೆಲೆ ಕಟ್ಟಿದರು, ಇಲ್ಲಿ ಜಗಳವಾಡಿದೆವು. ಆ ಬಂದೂಕು ಹೇಳುವ ಕತೆ ಮಾತ್ರ ಹಾಗೇ ಉಳಿಯಿತು.

ಸಂಗ್ರಾಹಕರ ಕಣ್ಣು ಸೂಕ್ಷ್ಮವಾದುದು, ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆಮದಾದ ಎಸ್‌ಕೆಎಸ್ ಎಂಬ ಅರೆಸ್ವಯಂಚಾಲಿತ ರೈಫಲನ್ನು ಕೂಡಿಡುವ ಅಮೆರಿಕನ್ನರು ರಷ್ಯಾದ್ದು ಯಾವುದು, ಚೀನಾದ್ದು ಯಾವುದು ಎಂದು ಬಯೊನೆಟ್ಟಿನ ಆಕಾರ, ಕೊರೆದ ಮುದ್ರೆ ನೋಡಿ ಹೇಳುತ್ತಾರೆ. ಟಿಪ್ಪುವಿನ ಬಂದೂಕಿಗೂ ಇದೇ ಬಗೆಯ ನೋಟ ಸಲ್ಲುತ್ತದೆ. ಚಕಮಕಿ ಕಲ್ಲಿನ ಕಿಡಿಯಿಂದ ಸಿಡಿಯುವ ಯಂತ್ರ ಯುರೋಪಿನ ಮಾದರಿಯದು. ಅದರ ಮೇಲೆ ಹುಲಿಯ ಮುಖ, ಹುಲಿಪಟ್ಟೆ, ಪಾರಸಿ ಬರಹ ನಮ್ಮವು. ವರ್ಷ ನಮೂದಾಗಿರುವುದು ಹಿಜರಿಯಲ್ಲಲ್ಲ, ಟಿಪ್ಪುವೇ ಜಾರಿಗೆ ತಂದ ಮೌಲೂದಿ ಶಕೆಯಲ್ಲಿ. ಕೆಲವದರಲ್ಲಿ ತಯಾರಿಸಿದವನ ಹೆಸರೂ ಇದೆ. ಹೊರಗಿನ ವಿದ್ಯೆಯನ್ನು ನಾಚಿಕೆಯಿಲ್ಲದೆ ಕಲಿತು ತನ್ನದಾಗಿಸಿಕೊಂಡ ಒಂದು ನಾಡಿನ ಆತ್ಮವಿಶ್ವಾಸ ಅದರಲ್ಲಿ ಕಾಣುತ್ತದೆ.

ನಮ್ಮ ತಕರಾರು ಆ ಕಣ್ಣು ಅಷ್ಟಕ್ಕೇ ನಿಲ್ಲುವುದರ ಬಗ್ಗೆ. ಮಧುಗಿರಿ, ಕೊರಟಗೆರೆಯ ಚನ್ನರಾಯನದುರ್ಗದ ಸುತ್ತಿನ ಬೆಟ್ಟಗಳಿಂದ ಮಳೆನೀರು ಕಪ್ಪು ಮರಳನ್ನು ಇಳಿಸಿ ತರುತ್ತಿತ್ತು. ಅದನ್ನು ಗೋರಿ, ತೊಳೆದು, ಇದ್ದಿಲಿನ ಕುಲುಮೆಯಲ್ಲಿ ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಸುಬನ್ನು ಬರೆದಿಟ್ಟಿದ್ದಾನೆ. ಬಂದೂಕಿನ ಯುಗ ಇಂಥ ಕೈಗಳ ಮೇಲೆ ನಿಂತಿತ್ತು. ಅವರ ಹೆಸರು ಯಾವ ನಳಿಗೆಯ ಮೇಲೂ ಇಲ್ಲ.

ಇನ್ನು ನಮ್ಮ ಸಮುದಾಯ ಕೇಳಿಕೊಳ್ಳಬೇಕಾದ ಮಾತೂ ಒಂದಿದೆ. ಮಲಿಕ್ ರಿಹಾನನ ಸಮಾಧಿ, 1696ರ ಜುಮ್ಮಾ ಮಸೀದಿ ಇರುವ ಶಿರಾ ಮೊಗಲರ ಸುಬಾದ ರಾಜಧಾನಿಯಾಗಿತ್ತು. ಹೈದರನಿಗೆ 1761ರಲ್ಲಿ ಸಿಕ್ಕ ನವಾಬಗಿರಿಯೂ ಶಿರಾದ್ದೇ. ಅದೇ ಶಿರಾದಿಂದ 12,000 ಕುಟುಂಬಗಳನ್ನು ಟಿಪ್ಪು ಬಲವಂತವಾಗಿ ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದನೆಂದು ಗೆಜೆಟಿಯರ್ ಹೇಳುತ್ತದೆ. ಬಿದನೂರಿನ ರಾಣಿಯನ್ನು ಹೈದರ್ ಸೆರೆಯಿಟ್ಟದ್ದು ಮಧುಗಿರಿ ಕೋಟೆಯಲ್ಲಿ. ಇದನ್ನು ಹೇಳಿದರೆ ಟಿಪ್ಪುವಿಗೆ ಅವಮಾನವಾಗದು. ಅವನು ವಿಗ್ರಹವಾಗದೆ ಅರಸನಾಗಿ ಉಳಿಯುತ್ತಾನೆ, ಅಷ್ಟೇ.

ಪಾವಗಡ, ಮಧುಗಿರಿಯ ಕೋಟೆ ಹತ್ತುವ ಶಾಲಾ ಮಕ್ಕಳಿಗೆ ಹುಲಿಮುಖದ ಬಂದೂಕಿನ ಚಿತ್ರ ತೋರಿಸೋಣ. ಜೊತೆಗೆ ಹಳ್ಳದ ಒಂದು ಹಿಡಿ ಕಪ್ಪು ಮರಳನ್ನೂ ಅವರ ಅಂಗೈಗೆ ಹಾಕೋಣ. ಹರಾಜಿನಲ್ಲಿ ಹೋದ ಬಂದೂಕನ್ನು ಹಿಂದಕ್ಕೆ ತರುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಅದರ ಪೂರ್ಣ ಕತೆಯನ್ನು ಹೇಳುವುದು ನಮ್ಮ ಕೈಯಲ್ಲೇ ಇದೆ.