ಬೆಂಕಿ ಕಂಡ ಕಾಸು

ಹಳ್ಳಿಮೈಸೂರಿನ ಕಡೆ ತಾಮ್ರದ ಚೊಂಬು ಕಪ್ಪಾದರೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ರೂಢಿ. ಬೆಂಕಿಗೆ ಸಿಕ್ಕ ಹಳೆಯ ಕಾಸಿಗೆ ಮಾತ್ರ ಅದೇ ಕೇಡು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಆನೆಯ ಮೇಲೆ 'ಶ್ರೀ' ಅಚ್ಚಾದ ತಾಮ್ರದ ಕಾಸನ್ನೇ ನೋಡಿ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಮನೆಗೆ ಬಿದ್ದ ಬೆಂಕಿಯಲ್ಲಿ ಅದು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಆದರೆ ಮೈಮೇಲೆ ಕರಿ ಪದರ, ಅದರಡಿ ಕೆಂಪು ಪದರ ಕಟ್ಟುತ್ತದೆ. ಸೊಂಡಿಲಿನ ಬಳುಕು, ಅಕ್ಷರದ ಕೊಂಬು ಎಷ್ಟೋ ಸಲ ಆ ಪದರದಲ್ಲೇ ಉಳಿದಿರುತ್ತವೆ. ಹುಳಿ ಬಿದ್ದರೆ ಅವೂ ಕರಗಿಹೋದವು.

ಬಲ್ಲ ಕಸುಬುದಾರ ಹಾಗಾಗಿ ಆತುರಪಡುವುದಿಲ್ಲ. ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ, ಸೂಕ್ಷ್ಮದರ್ಶಕದಡಿ ಮರದ ಕಡ್ಡಿಯಿಂದ ಮಸಿಯನ್ನಷ್ಟೇ ಬಿಡಿಸುತ್ತಾನೆ. ಹೊಳಪು ಅವನ ಗುರಿಯಲ್ಲ. ಕಪ್ಪು ಮೈಯಿಂದ ಆನೆಯ ಬೆನ್ನು ಮೆಲ್ಲಗೆ ಎದ್ದು ಬರುತ್ತದಲ್ಲ, ಆ ಗಳಿಗೆ ನಿಜಕ್ಕೂ ಚೆಂದ. ಒಣಗಿದ ಕಾಸು ಕರ್ರಗೇ ಪೆಟ್ಟಿಗೆ ಸೇರುತ್ತದೆ.