ಹೊಗೆ ಗಾಡಿಯ ಲೆಕ್ಕ

ಡೆಂಗಿ ಸುದ್ದಿ ಪತ್ರಿಕೆಯಲ್ಲಿ ಬಂದ ಮೂರ್ನಾಲ್ಕು ದಿನಕ್ಕೆ ಬಡಾವಣೆಗೆ ಫಾಗಿಂಗ್ ಯಂತ್ರ ಬರುತ್ತದೆ. ಡೀಸೆಲ್ ವಾಸನೆಯ ಬಿಳಿ ಹೊಗೆ ರಸ್ತೆ ತುಂಬುತ್ತದೆ, ಮಕ್ಕಳು ಹಿಂದೆ ಓಡುತ್ತಾರೆ, ದೊಡ್ಡವರು ಕೆಮ್ಮುತ್ತ ಕಿಟಕಿ ಬಾಗಿಲು ಹಾಕಿಕೊಳ್ಳುತ್ತಾರೆ. ಕೆಲಸ ಕೆಡುವುದು ಅಲ್ಲೇ. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಚರಂಡಿಯ ಮೇಲೆ ಕೂತಿರುವುದಿಲ್ಲ. ಮಂಚದ ಕೆಳಗೆ, ಗೂಟಕ್ಕೆ ನೇತುಹಾಕಿದ ಅಂಗಿಯ ಮಡಿಕೆಯಲ್ಲಿ, ಕಪಾಟಿನ ಹಿಂದೆ ಇರುತ್ತದೆ. ಹೊಗೆ ಹೊರಗೆ, ಸೊಳ್ಳೆ ಒಳಗೆ. ಹೊಗೆ ತಗುಲಿದರೂ ಸಾಯುವುದು ರೆಕ್ಕೆ ಬಂದ ಸೊಳ್ಳೆ ಮಾತ್ರ. ನೀರಿನಲ್ಲಿರುವ ಮರಿಹುಳುಗಳಿಗೆ ಅದರ ಸುದ್ದಿಯೇ ಇಲ್ಲ.

ಫಾಗಿಂಗ್ ಪೂರ್ತಿ ದಂಡ ಎಂದು ಹೇಳುತ್ತಿಲ್ಲ. ಕಾಯಿಲೆ ಖಚಿತವಾದ ಮನೆ ಮತ್ತು ಅಕ್ಕಪಕ್ಕದ ಮನೆಗಳ ಒಳಗೆ ಪೈರೆಥ್ರಮ್ ಸಿಂಪಡಿಸಿದರೆ ಸೋಂಕು ಹೊತ್ತ ಸೊಳ್ಳೆಗಳು ಸಾಯುತ್ತವೆ. ಅದು ತುರ್ತಿಗೆ ಆಗುವ ಕೆಲಸ. ತುರ್ತಿನ ಉಪಾಯವನ್ನೇ ಇಡೀ ಮಳೆಗಾಲದ ಕಾರ್ಯಕ್ರಮ ಮಾಡಿಕೊಂಡಿದ್ದೇವಲ್ಲ, ತಕರಾರು ಅದಕ್ಕೆ.

ಸಿಂಪಡಣೆಯ ಮೇಲೆ ನಮಗಿರುವ ಈ ನಂಬಿಕೆಗೆ ಹಳೆಯ ಗೆಲುವೊಂದು ಕಾರಣವಿರಬೇಕು. 1940ರ ದಶಕದ ನಡುವೆ, ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಮನೆಗೋಡೆಗಳಿಗೆ ಡಿಡಿಟಿ ಹೊಡೆಸಿ ಮಲೇರಿಯಾ ತಗ್ಗಿಸಿ ತೋರಿಸಿದರು. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಆ ಅನುಭವ ಬುನಾದಿಯಾಯಿತು. ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿಯಷ್ಟಿದ್ದ ಪ್ರಕರಣಗಳು 1960ರ ದಶಕದ ನಡುವೆ ಲಕ್ಷದ ಆಸುಪಾಸಿಗೆ ಇಳಿದವು. ಆಮೇಲೆ ಹಿಡಿತ ಸಡಿಲವಾಯಿತು, ಸೊಳ್ಳೆಗಳು ಡಿಡಿಟಿಗೆ ಒಗ್ಗಿದವು, 1976ರಲ್ಲಿ ಸಂಖ್ಯೆ ಮತ್ತೆ 64 ಲಕ್ಷ ದಾಟಿತು. ರಾತ್ರಿ ಕಚ್ಚಿ ಗೋಡೆಯ ಮೇಲೆ ಕೂರುವ ಅನಾಫಿಲಿಸ್‌ಗೆ ಗೋಡೆಯ ಮದ್ದು ಸರಿಯಾಗಿತ್ತು. ಹಗಲು ಕಚ್ಚುವ ಈಡಿಸ್‌ನ ಜಾಯಮಾನವೇ ಬೇರೆ. ಹಳೆಯ ಗೆಲುವಿನ ಅಭ್ಯಾಸ ನಮ್ಮಲ್ಲಿ ಉಳಿದಿದೆ, ಆ ಗೆಲುವಿನ ಹಿಂದಿದ್ದ ಲೆಕ್ಕಾಚಾರ ಉಳಿದಿಲ್ಲ.

ನಿಜವಾದ ಕೆಲಸ ನೋಡಬೇಕೆಂದರೆ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ನಾಲ್ಕು ಮನೆ ಸುತ್ತಬೇಕು. ಸಂಪಿನ ಮುಚ್ಚಳ ಸರಿಸಿ ಮೊಬೈಲ್ ಟಾರ್ಚ್ ಬಿಡುತ್ತಾರೆ. ನೀರಿನ ಮೇಲ್ಮೈಗೆ ಬಾಲ ತಾಗಿಸಿ ತಲೆಕೆಳಗಾಗಿ ನೇತಾಡುವ ಹುಳುಗಳು ಬೆಳಕು ಬಿದ್ದ ಕೂಡಲೇ ಕೊಂಕುತ್ತ ತಳಕ್ಕಿಳಿಯುತ್ತವೆ. ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಕೆಳಗಿನ ಬಟ್ಟಲು, ತಾರಸಿಯ ಮೇಲಿನ ಒಡಕು ಬಕೆಟ್ಟು, ಪಂಕ್ಚರ್ ಅಂಗಡಿಯ ಟಯರು, ಮಲೆನಾಡಿನಲ್ಲಾದರೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ನೀರು ಚೆಲ್ಲಿದರೆ ಅರ್ಧ ಕೆಲಸವಷ್ಟೇ ಆಯಿತು. ಈಡಿಸ್ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತವೆ. ಡ್ರಮ್ಮನ್ನು ಒಳಗಿನಿಂದ ತಿಕ್ಕಿ ತೊಳೆಯಲೇಬೇಕು. ನಮ್ಮ ಜಾಗೃತಿ ಭಿತ್ತಿಪತ್ರಗಳಲ್ಲಿ ಸೊಳ್ಳೆಯ ಚಿತ್ರ ಅಂಗೈಯಗಲ ಇರುತ್ತದೆ, ತಿಕ್ಕುವ ವಿಷಯಕ್ಕೆ ಒಂದು ಸಾಲು ಸಿಕ್ಕರೆ ಪುಣ್ಯ.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ ದಂಡ ಗೊತ್ತುಮಾಡಿತು: ನೀರು ನಿಂತು ಸೊಳ್ಳೆ ಬೆಳೆದರೆ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200, ನಗರದ ಕಟ್ಟಡ ಕಾಮಗಾರಿಯ ಜಾಗಕ್ಕೆ 2,000. ಹೊಗೆಯಿಂದ ನೀರಿನ ಕಡೆಗೆ ಗಮನ ತಿರುಗಿಸಿದ್ದಕ್ಕೆ ಈ ಆದೇಶವನ್ನು ಮೆಚ್ಚಬೇಕು. ಆದರೆ ಕ್ಯೂರಿಂಗ್‌ಗೆಂದು ಸ್ಲ್ಯಾಬಿನ ಮೇಲೆ ನೀರು ಕಟ್ಟಿ, ಲಿಫ್ಟ್ ಗುಂಡಿಯಲ್ಲಿ ನೀರು ತುಂಬಿಸಿಟ್ಟ ಬಿಲ್ಡರ್‌ಗೆ 2,000 ರೂಪಾಯಿ ಯಾವ ಲೆಕ್ಕ? ಮೇಸ್ತ್ರಿಯ ಒಂದೆರಡು ದಿನದ ಕೂಲಿ. ಕಟ್ಟಡ ಕಾಮಗಾರಿ ಮಲೇರಿಯಾಕ್ಕೆ ಹೇಗೆ ನೆಲೆ ಒದಗಿಸುತ್ತದೆ ಎಂಬುದನ್ನು ಮಂಗಳೂರು 1990ರ ದಶಕದಿಂದಲೇ ಅನುಭವಿಸಿ ತಿಳಿದಿದೆ.

ಮನೆಯವರ ಪಾಲಿಗೆ ಬಂದರೆ ಅನ್ಯಾಯ ಇನ್ನೂ ಢಾಳಾಗಿದೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು, ಅದಕ್ಕೇ ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ಎನ್ನುತ್ತಾರೆ. ಸರಿಯಾದ ಮಾತು. ನಲ್ಲಿ ನೀರೇ ವಾರಕ್ಕೊಮ್ಮೆ ಬರುವ ಬಡಾವಣೆಯ ಹೆಂಗಸು ಗುರುವಾರ ತುಂಬಿಸಿದ ಡ್ರಮ್ಮನ್ನು ಶುಕ್ರವಾರ ಚೆಲ್ಲುತ್ತಾಳೆಯೇ? ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರಿಂದ ಇಪ್ಪತ್ನಾಲ್ಕು ಗಂಟೆ ನೀರು ಬಿಟ್ಟದ್ದನ್ನು ನಾವು ಕುಡಿಯುವ ನೀರಿನ ಯೋಜನೆ ಎಂದಷ್ಟೇ ಓದಿದೆವು. ಅದನ್ನು ಡೆಂಗಿ ತಡೆಯುವ ಯೋಜನೆ ಎಂದೂ ಓದಬಹುದಿತ್ತು. ನೀರು ಸರಿಯಾಗಿ ಬಿಡದವರಿಗೆ ಎಷ್ಟು ದಂಡ ಎಂಬ ಸಾಲು ಪಟ್ಟಿಯಲ್ಲಿಲ್ಲ.

ಇನ್ನು ಮನೆಮನೆಗೆ ಹೋಗಿ ಮುಚ್ಚಳ ಎತ್ತುವವರ ಸ್ಥಿತಿ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ಬಾಣಂತಿಯರ ಆರೈಕೆ, ಲಸಿಕೆ, ಸಮೀಕ್ಷೆಗಳ ಜೊತೆಗೆ ಲಾರ್ವಾ ಹುಡುಕುವುದೂ ಅವರ ತಲೆಗೇ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವರು ತಡೆದರೆ ಅವರ ಕೈಯಲ್ಲಿ ಯಾವ ಅಧಿಕಾರವೂ ಇರುವುದಿಲ್ಲ.

ಹೀಗಿದ್ದೂ ಅವರು ತರುವ ಲೆಕ್ಕವೇ ಗಟ್ಟಿ. ನೂರು ಮನೆ ನೋಡಿದರೆ ಎಷ್ಟರಲ್ಲಿ ಹುಳು ಸಿಕ್ಕವು ಎಂಬ ಅಂಕಿಯನ್ನು ಆರೋಗ್ಯ ಇಲಾಖೆಯವರು ಮನೆ ಸೂಚ್ಯಂಕ ಎನ್ನುತ್ತಾರೆ. ಜ್ವರ ಏರುವ ಮುಂಚೆಯೇ ಅದು ಎಚ್ಚರಿಸಬಲ್ಲದು. ವಾರ್ಡ್ ಕಚೇರಿಯ ಹಲಗೆಯಲ್ಲಿ ಎಷ್ಟು ಸುತ್ತು ಫಾಗಿಂಗ್ ಆಯಿತು ಎಂದು ಬರೆಯುವ ಬದಲು ಪ್ರತಿ ಸೋಮವಾರ ಈ ಒಂದು ಅಂಕಿ ಬರೆಯಲಿ, ಕಳೆದ ವಾರದ್ದನ್ನು ಅಳಿಸದೆ ಪಕ್ಕದಲ್ಲೇ ಇಡಲಿ.