ಪೆಂಬರ್ಲಿಯ ಹೆಣದ ಲೆಕ್ಕ

ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರಿಜುಡೀಸ್’ (1813) ಮದುವೆಯಲ್ಲಿ ಸುಖವಾಗಿ ಮುಗೀತದೆ. ಆ ಸುಖದ ಬಂಗಲೆಯ ಕಾಡಿಗೆ 2011ರಲ್ಲಿ ಪಿ.ಡಿ. ಜೇಮ್ಸ್ ಒಂದು ಹೆಣ ತಂದು ಹಾಕಿದರು. ಕಾದಂಬರಿ ‘ಡೆತ್ ಕಮ್ಸ್ ಟು ಪೆಂಬರ್ಲಿ’. ಸತ್ತವನು ಕ್ಯಾಪ್ಟನ್ ಡೆನ್ನಿ, ಸಿಕ್ಕಿಬಿದ್ದವನು ವಿಕ್‌ಹ್ಯಾಮ್.

ನಾವು ಮೆಚ್ಚಿಕೊಂಡೇ ಓದಿದೆವು. ಪ್ರೇಮದ ಕತೆ ತುಳಿಯದ ಹೊಸಿಲನ್ನು ಕೊಲೆಯ ತನಿಖೆ ತುಳೀತದೆ. ಕಾಡಿನ ನಡುವೆ ಆಳಿನ ಮನೆ ಕಾಣ್ತದೆ. ಅಲ್ಲಿ ಕೋಚ್‌ಮನ್ ಬಿಡ್‌ವೆಲ್ಲನ ಸಂಸಾರ, ವಿಕ್‌ಹ್ಯಾಮ್‌ನಿಂದ ಮಗು ಹೆತ್ತ ಮಗಳು ಲೂಯಿಸಾ.

ಸರಿ, ಹೊಡೆದವರ್ಯಾರು? ಅದೇ ಮನೆಯಲ್ಲಿ ಸಾಯ್ತಾ ಮಲಗಿದ್ದ, ಅವಳ ಒಡಹುಟ್ಟಿದ ವಿಲ್. ಅವಳನ್ನು ಕೆಡಿಸಿದವನೇ ಬಂದ ಅಂತ ತಿಳಿದು ಡೆನ್ನಿಗೆ ಹೊಡೆದ. ತಪ್ಪೊಪ್ಪಿಗೆಗೆ ಸಹಿ ಹಾಕಿ ಸತ್ತ. ಓಲ್ಡ್ ಬೇಲಿಯಲ್ಲಿ ಅಪರಾಧಿಯಾದ ವಿಕ್‌ಹ್ಯಾಮ್ ಕ್ಷಮೆ ಪಡೆದು ಅಮೆರಿಕಕ್ಕೆ ಹಡಗು ಹತ್ತಿದ. ಬಂಗಲೆಗೆ ನೆಮ್ಮದಿ.

ಪತ್ತೆಯೇನೋ ಆಯ್ತು. ಲೂಯಿಸಾಳಿಗಾದ ಅನ್ಯಾಯಕ್ಕೆ ಯಾವ ಕೋರ್ಟು ಕೂತಿತು?

2013ರಲ್ಲಿ ಜೋ ಬೇಕರ್ ‘ಲಾಂಗ್‌ಬರ್ನ್’ ಬರೆದರು. ಎಲಿಜಬೆತ್ ನಡೆದು ಕೆಸರಾದ ಲಂಗ ಒಗೆಯೋ ಸಾರಾಳ ಕೈಗಳಿಂದ ಅದೇ ಕತೆ ಶುರುವಾಗ್ತದೆ. ಹಳೆಯ ಪ್ರೇಮಕತೆ ಮುಂದುವರಿಸೋರೇ, ಹೆಣ ಹುಡುಕೋ ಮುಂಚೆ ಆ ಕೈಗಳನ್ನು ನೋಡಿ.